ನೋಡುವ

ನಮ್ಮ ಉಡುಪಿ ಕಡೆ 'ನೋಡುವ' ಅಂದರೆ ಆಗುವುದಿಲ್ಲ ಎಂದೇ ಅರ್ಥ. ಮುಖ ಮುರಿಯದೆ ಬೇಡ ಎನ್ನಲು ನಮಗಿರುವುದು ಅದೊಂದೇ ಮಾತು. ದಾವಣಗೆರೆಯ ಓಂಕಾರಪ್ಪನವರಿಗೆ ಇದು ಗೊತ್ತಾಗುವುದು ಹೇಗೆ? ರೈಲ್ವೆಯಿಂದ ನಿವೃತ್ತರಾಗಿ ಕೋಲ್ಕತ್ತಾದಲ್ಲೇ ಉಳಿದು, ಯಾರಿಗೂ ಬೇಡವಾದ ಹಳೇ ಸಿನಿಮಾಗಳನ್ನು ಗುಡ್ಡೆ ಹಾಕಿಕೊಂಡ ಮನುಷ್ಯ. ನಮ್ಮ ಮೇಲಿನ ಮನೆ ಅವರದು. ಈ ಭಾನುವಾರ ಲಿಫ್ಟಿನಲ್ಲಿ ಸಿಕ್ಕರು.

"ಭೋಜ ಅವರ, ಮಧ್ಯಾಹ್ನ ಒಂದು ಅಪರೂಪದ ಪಿಚ್ಚರ್ ಐತಿ. ನೋಡೋಣೇನ್ರಿ?"

"ನೋಡುವ," ಅಂದೆ.

ಊಟಕ್ಕೆ ಕೂತು ಏಳುವಷ್ಟರಲ್ಲಿ ಬಂದು ಕೈ ಹಿಡಿದು ಕರೆದೊಯ್ದರು. ಪಿಚ್ಚರಿನ ನಡುವೆ ಜನ ಎದ್ದು ಹೋಗುತ್ತಾರೆಂದು ಕಬ್ಬಿಣದ ಗೇಟಿಗೆ ಬೀಗ ಜಡಿದರು. ನನ್ನ ಫೋನು ಮಂಡಕ್ಕಿ ಡಬ್ಬಿ ಸೇರಿತು.

ಅದೇ ಸಂಜೆ ನನ್ನ ಹೆಂಡತಿ ಸ್ನೇಹಲತಾ ಬ್ಯಾಂಕಿನ ಸಿಲಿಗುರಿ ಶಾಖೆಗೆ ಮ್ಯಾನೇಜರ್ ಆಗಿ ಹೊರಟಿದ್ದಳು. ಅದೇ ಬ್ಯಾಂಕಿನಲ್ಲಿ ನಾನಿನ್ನೂ ಕೌಂಟರಿನ ಹಿಂದೆ. ಅವಳ ಬಡ್ತಿಯ ಸುದ್ದಿ ಬಂದಂದಿನಿಂದ ಮುಖ ಊದಿಸಿಕೊಂಡೇ ಓಡಾಡುತ್ತಿದ್ದೆ. ಸ್ಟೇಷನ್ನಿಗೆ ಬರ್ತೀರಾ ಎಂದು ಬೆಳಿಗ್ಗೆ ಕೇಳಿದಾಗಲೂ ಪೇಪರಿನಿಂದ ತಲೆಯೆತ್ತದೆ ಏನೋ ಗೊಣಗಿದ್ದೆ. ಆದರೆ ಸಿಯಾಲ್ದಾದಲ್ಲಿ ರೈಲು ಹತ್ತಿಸುವಾಗ, ನಿನ್ನ ಬಗ್ಗೆ ನನಗೆ ಹೆಮ್ಮೆ ಉಂಟು ಎಂದು ಹೇಳಿಯೇ ಬಿಡಬೇಕೆಂದಿದ್ದೆ. ಸತ್ಯವಾಗಿಯೂ.

ಮೊದಲನೆಯದು ಮನುಷ್ಯರನ್ನು ಕಂಡರೆ ಹೆದರುವ ದೆವ್ವದ ಕತೆ. ಮುಗಿಯಿತು ಅಂತ ಏಳುವಷ್ಟರಲ್ಲಿ, "ಇನ್ನೊಂದು ನೋಡೋಣೇನ್ರಿ?" ಬೇಡ ಎನ್ನಲು ಬಾಯಿ ತೆರೆದೆ. ಹಾಳು ನಾಲಿಗೆ, "ನೋಡುವ" ಅಂದಿತು. ಕುದುರೆ ಸಿಗದೆ ಒಂಟೆ ಹತ್ತಿದ ಕೌಬಾಯ್‌ಗಳು ಬಂದರು. ಅವರಾದ ಮೇಲೆ ಪತ್ತೇದಾರಿ. ಅದರ ಕೊನೆಯ ರೀಲೇ ಕಳೆದುಹೋಗಿದೆಯಂತೆ. ಕೊಲೆಗಾರ ಯಾರೆಂದು ಓಂಕಾರಪ್ಪನವರಿಗೂ ಗೊತ್ತಿಲ್ಲ, ಆದರೂ ವರ್ಷಕ್ಕೊಮ್ಮೆ ನೋಡುತ್ತಾರೆ! ಅವರ ಹೆಂಡತಿ ಪಾರ್ವತಮ್ಮ ತಂದಿಟ್ಟ ಮಿರ್ಚಿ ಬಜ್ಜಿ ತಟ್ಟೆಯಲ್ಲೇ ಆರಿತು. ಕಿಟಕಿಯ ಪರದೆಯಾಚೆ ಬೆಳಕು ಕಂದುತ್ತಿತ್ತು. ಕೆಳಗೆ ಟ್ಯಾಕ್ಸಿಯ ಡಿಕ್ಕಿ ಮುಚ್ಚಿದ ಸದ್ದು ಕೇಳಿ ಎದ್ದು ನಿಂತೆ.

"ಇನ್ನೊಂದು ಸಣ್ಣದೈತಿ..."

"ಬೇಡ!" ಎಂದು ಕಿರುಚಿದೆ.

ಓಂಕಾರಪ್ಪನವರು ಬೆಚ್ಚಿಬಿದ್ದರು. ಡಬ್ಬಿಯಿಂದ ಫೋನು ತೆಗೆದುಕೊಟ್ಟು ಬೀಗ ತೆಗೆದರು. "ಬ್ಯಾಡಂತ ಮೊದಲ ಹೇಳಬಾರದೇನ್ರಿ? ನಾನೇನು ನಿಮ್ಮನ್ನ ಕಟ್ಟಿ ಹಾಕಿದ್ನೇನು?"

ಕೆಳಗೆ ಓಡಿದೆ. ಮನೆಗೆ ಬೀಗ. ಟ್ಯಾಕ್ಸಿ ಸಿಕ್ಕಿತು, ಎಸ್ಪ್ಲನೇಡ್ ದಾಟುವ ಮೊದಲೇ ಟ್ರಾಫಿಕ್ಕಿನಲ್ಲಿ ನಿಂತುಬಿಟ್ಟಿತು. ಹಿಂದೆ ಬಸ್ಸು, ಮುಂದೆ ಬಸ್ಸು. ಕೊನೆಗೆ ಫೋನು ಮಾಡಿದೆ. ಅತ್ತ ರೈಲಿನ ಸದ್ದು.

"ನಾನು ಬರುವವನಿದ್ದೆ ಮಾರಾಯ್ತಿ. ಒಂದು ಮಾತು ಕರೆಯಬಾರದಿತ್ತಾ?"

"ಬೆಳಿಗ್ಗೆ 'ನೋಡುವ' ಅಂದ್ರಲ್ಲ," ಅಂದಳು ಸ್ನೇಹಲತಾ. "ನಾನೂ ಉಡುಪಿಯವಳೇ ಅಲ್ವಾ?"

ಹೆಮ್ಮೆಯ ಮಾತು ಈಗಲೂ ಹೇಳಲಿಲ್ಲ. "ಮುಂದಿನ ಶನಿವಾರ ನಾನೇ ಸಿಲಿಗುರಿಗೆ ಬರ್ತೇನೆ," ಅಂದೆ. "ಬರಲಾ?"



"ನೋಡುವ," ಅಂದಳು.