ಅಂಕಿತಾಳ ಚಕ್ರ, ಅಪ್ಪನ ಸಿವುಡು

ಮಗಳ ಬೆನ್ನು ತಟ್ಟುವುದರಲ್ಲಿ ಕಳಸಾಪುರದ ನಿಜಲಿಂಗಪ್ಪ ಎಂದೂ ಹಿಂದೆ ಬಿದ್ದವನಲ್ಲ. ಆದರೆ ಆ ಬೆನ್ನೇ ಹಿಡಿದುಕೊಂಡರೆ ತಟ್ಟುವುದೆಲ್ಲಿ? ಕಾಲೇಜು ಓದುವ ಅಂಕಿತಾ ಚಕ್ರ ಎಸೆತದಲ್ಲಿ ಊರಿಗೇ ಮೊದಲನೆಯವಳು. ಗದಗಿನ ಕ್ರೀಡಾಕೂಟಕ್ಕೆ ಇನ್ನು ಹನ್ನೆರಡೇ ದಿನ. ಅಷ್ಟರಲ್ಲಿ, ಬಗ್ಗಿ ಚಪ್ಪಲಿ ಮೆಟ್ಟಲೂ ಆಗದಷ್ಟು ನಡನೋವು.

“ದಿನಾ ನೂರು ಸಲ ಚಕ್ರ ಒಗೀತಾಳ. ಇನ್ನ ಇಪ್ಪತ್ತು ಜಾಸ್ತಿ ಒಗದ್ರ ತಾನs ಸಡ್ಲ ಆಗತೈತಿ,” ಎಂದ ಅಪ್ಪ.

ಹೆಂಡತಿ ಕಸ್ತೂರೆವ್ವ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಪಕ್ಕದ ಮನೆಯ ಶಾಹಿಸ್ತಾಳನ್ನು ಕರೆದಳು. ಶಾಹಿಸ್ತಾ ದೈಹಿಕ ಶಿಕ್ಷಣದ ಟೀಚರು. ಅಂಕಿತಾಳನ್ನು ಮೊದಲು ಡಾಕ್ಟರಿಗೆ ತೋರಿಸಿದಳು. ಸ್ನಾಯು ಎಳೆದಿದೆ, ಸದ್ಯ ಎಸೆಯಬಾರದು ಎಂದರು ಅವರು.

ಮರುದಿನ ನಿಜಲಿಂಗಪ್ಪ ಹಿತ್ತಲಲ್ಲಿ ಕಣಿಕಿಯ ಸಿವುಡುಗಳನ್ನು, ಅಂದರೆ ಒಣಗಿದ ಜೋಳದ ದಂಟಿನ ಕಟ್ಟುಗಳನ್ನು, ಟ್ರೇಲರಿಗೆ ಎಸೆಯುತ್ತಿದ್ದಾಗ ಶಾಹಿಸ್ತಾ ಬಂದಳು.

“ಕಾಕಾ, ಈ ಸಲ ಗದಗ ಬ್ಯಾಡ್ರಿ. ನೋವು ಹೋದಮ್ಯಾಗ ನೆಲದ ಮ್ಯಾಲ ಬೋರಲ ಮಲಗಿ ಹೊಟ್ಟಿ, ನಡಾ, ತೊಡಿ ಗಟ್ಟಿ ಮಾಡೂ ವ್ಯಾಯಾಮ ಕಲಿಸ್ತೀನಿ.”

“ಚಕ್ರ ಒಗಿಯೂದು ರಟ್ಟೀಲೆ, ಯವ್ವಾ! ಹಲ್ಲಿಗತೆ ನೆಲಕ್ಕ ಅಂಟಕೊಂಡ್ರ ಅದು ಹಾರತೈತೇನ?” ಎಂದು ಗಲ್ಲ ಒಳಗೆಳೆದು ಲೊಚಗುಟ್ಟಿ ತೋರಿಸಿದ.

“ಖರೆ ಹಲ್ಲಿನೂ ನಾಚಬೇಕ ನೋಡ್ರಿ,” ಎಂದಳು ಕಸ್ತೂರೆವ್ವ.

ಅವನು ಸಿವುಡು ಎತ್ತಿಕೊಂಡು ಟ್ರೇಲರಿನ ಆಚೆ ಮಗ್ಗಲಿಗೆ ಹೋದ.

“ಯಾಕ ಆ ಕಡಿ ಹೋದ್ರಿ ಕಾಕಾ?” ಎಂದಳು ಶಾಹಿಸ್ತಾ.

“ಒಂದs ಮಗ್ಗಲಾ ಒಗದ್ರ ನಡಾ ಹಿಡೀತೈತಿ. ಹತ್ತು ಈ ಕಡಿ, ಹತ್ತು ಆ ಕಡಿ. ನಮ್ಮಪ್ಪ ಕಲಿಸ್ಯಾನ.”

“ರಟ್ಟೀಲೆ ಒಗೀತೀರಿ, ಹೌದಲ್ರಿ?”

“ಏ ಹುಚ್ಚಿ, ರಟ್ಟಿ ಬಿದ್ದs ಹೊಕ್ಕಾವು! ಕಾಲು ಊರಿ, ಟೊಂಕ ತಿರುವಿ, ಆಮ್ಯಾಲ ಕೈ...”

ಸಿವುಡು ಕೈಯಲ್ಲೇ ಉಳಿಯಿತು. “ನನ್ನ ಕೂಸಿನ್ನ ದಿನಾ ನೂರು ಸಲ ಒಂದs ಮಗ್ಗಲಾ ತಿರುಗಿಸೀನಲ್ಲೋ,” ಎಂದ ಮೆಲ್ಲಗೆ.

ಒಳಗೆ ಹೋಗಿ ಮಗಳ ಪಕ್ಕ ಕುಳಿತ. “ಈ ಸಲ ಬಿಡವ್ವ. ಗದಗ ಎಲ್ಲೂ ಓಡಿ ಹೋಗಂಗಿಲ್ಲ.” ಅಂಕಿತಾ ಅತ್ತಳು. ಅವನೂ ಮೂಗು ಒರೆಸಿಕೊಂಡ.

ಮೂರು ವಾರಕ್ಕೆ ನೋವು ಇಳಿಯಿತು. ಆಮೇಲೆ ಎಸೆಯುವ ಮುನ್ನ ಹತ್ತು ನಿಮಿಷ ಮೈ ಬಿಸಿ ಮಾಡುವುದು, ಎಡಕ್ಕೂ ಬಲಕ್ಕೂ ಸಮನಾಗಿ ವ್ಯಾಯಾಮ, ದಿನ ಬಿಟ್ಟು ದಿನ ಎಸೆತ, ಅದೂ ಇಪ್ಪತ್ತೈದೇ. ಇಪ್ಪತ್ತಾರನೆಯದಕ್ಕೆ ಕೈ ಎತ್ತಿದರೆ ಅಪ್ಪನೇ ಚಕ್ರ ಕಸಿದುಕೊಳ್ಳುತ್ತಿದ್ದ. ಮುಂದಿನ ಕೂಟದಲ್ಲಿ ಅಂಕಿತಾ ಮೂರನೆಯವಳಾದಳು. ಆರು ಎಸೆತವನ್ನೂ ನೋವಿಲ್ಲದೆ ಮುಗಿಸಿ, ನಗುತ್ತ ಮನೆಗೆ ಬಂದಳು.

ಅಪ್ಪ-ಅವ್ವಂದಿರೇ, ನಿಮ್ಮ ಮಕ್ಕಳು ಬ್ಯಾಟು ಬೀಸಲಿ, ಹಾಕಿ ಆಡಲಿ, ಗಾಲ್ಫ್ ಕೋಲೇ ತಿರುಗಿಸಲಿ, ಬಲ ಬರುವುದು ಕಾಲು, ನಡ, ಹೊಟ್ಟೆಯಿಂದ. ಅವನ್ನು ಗಟ್ಟಿ ಮಾಡಿಸಿ. ಎರಡೂ ಮಗ್ಗಲು ದುಡಿಸಿ. ಮೈಗೆ ಬಿಡುವು ಕೊಡಿ. ನೋವು ಕಾಲಿಗೆ ಇಳಿದರೆ, ಜೋಮು ಹಿಡಿದರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ಮಗು ‘ನೋವು’ ಎಂದ ದಿನ ಆಟ ನಿಲ್ಲಿಸಿ. ಇಲ್ಲದಿದ್ದರೆ ನೋವೇ ಆಟ ನಿಲ್ಲಿಸೀತು.