ಗುಂಡಿ ಯಾರದು

"ಥೂ, ಬಾಯಿ ಮುಚ್ಕೊಂಡು ಮೇಲೆ ಬಾರೋ ಬೋಳಿಮಗನೆ! ನೀನು ಆ ಬಾಯಿ ತೆಗೆದೇ ನನ್ನ ಮಾನ ಹರಾಜಾಗಿರೋದು!"

ಗುತ್ತಿಗೆದಾರ ಬೈದದ್ದು ಮೋರಿಯ ಗುಂಡಿಯಿಂದ ಕತ್ತಿನವರೆಗೆ ಮೇಲೆ ಬಂದಿದ್ದ ಒಂದು ತಲೆಗೆ. ಅದು ಹಗ್ಗದಕ್ಕನ ಗಂಡನ ತಲೆ. ಅವನು ಒಳಗಿಳಿದಾಗಲೆಲ್ಲ ಮೇಲೆ ಹಗ್ಗ ಹಿಡಿದು ನಿಲ್ಲುವವಳು ಅವಳೇ. ಆ ಹೆಸರು ಬಂದದ್ದೂ ಅದರಿಂದಲೇ. ಒಳಗೆ ಉಸಿರು ಬಿಗಿಹಿಡಿದವನು ಮೇಲೆ ಬಂದು ಮೊದಲ ಉಸಿರೆಳೆಯುವಾಗ ಕಣ್ಣುಗುಡ್ಡೆ ಮೇಲೇರಿ, ಬಾಯಿ ಕಿವಿಯವರೆಗೆ ಹರಿಯುತ್ತಿತ್ತು. ಒಂದು ದಿನ ಅವಳು ಅದನ್ನು ಫೋನಿನಲ್ಲಿ ಹಿಡಿದು, 'ಸೋಮವಾರ ಬಂತಾ?' ಎಂದು ಬರೆದು ತಂಗಿಗೆ ಕಳಿಸಿದ್ದಳು. ತಂಗಿ ಇನ್ಯಾರಿಗೋ ಕಳಿಸಿದಳು. ತಿಂಗಳೊಳಗೆ ಆಫೀಸಿಗೆ ಹೋಗುವ ಮಂದಿಯೆಲ್ಲ ಆ ಮೀಮ್ ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದರು.

ಈಗ ಗುಂಡಿಯ ಅಂಚಿನಲ್ಲಿ ಕಂಪನಿಯವನೊಬ್ಬ ಮೂಗಿಗೆ ಕರ್ಚೀಫು ಒತ್ತಿಕೊಂಡು, ಟ್ಯಾಬ್ ಹಿಡಿದು ನಿಂತಿದ್ದ.

"ಅಮ್ಮಾ, ಮೀಮ್ ಮಾಡಿದೋರಿಗೇ ಅದರ ಹಕ್ಕು ಕೊಡಿಸೋದು ನಮ್ಮ ಕೆಲಸ. ಬ್ಲಾಕ್‌ಚೈನ್ ಅಂತಾರೆ. ನಿಮ್ಮ ಹಕ್ಕನ್ನ ಸಾವಿರಾರು ಕಂಪ್ಯೂಟರಲ್ಲಿ ಒಟ್ಟಿಗೆ ಬರೆದಿಡ್ತೀವಿ. ಅದನ್ನ ಯಾರು ಎಲ್ಲಿ ಮಾರಿದ್ರೂ ನಿಮಗೊಂದು ಪಾಲು."

"ಆಮೇಲೆ ಯಾರಾದ್ರೂ ಅಳಿಸಿಬಿಟ್ರೆ?"

"ಬ್ರಹ್ಮ ಬಂದ್ರೂ ಅಳಿಸೋಕಾಗಲ್ಲ."

ಹಗ್ಗದಕ್ಕ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು. ಹೋದ ವರ್ಷ ಇದೇ ಗುಂಡಿಗಿಳಿದ ಮೈದುನನ ಹಗ್ಗವೂ ಅವಳ ಕೈಯಲ್ಲೇ ಇತ್ತು. ಎಳೆದಾಗ ಬರೀ ಭಾರ ಬಂದಿತ್ತು. ವಿಚಾರಣೆಗೆ ಬಂದ ಅಧಿಕಾರಿಯ ಮುಂದೆ ಗುತ್ತಿಗೆದಾರ, "ಆ ಗುಂಡಿ ನಮ್ದೇ ಅಲ್ಲ ಸಾರ್. ಯಾರೋ ಕುಡಿದು ಬಿದ್ದಿರ್ಬೇಕು" ಅಂದಿದ್ದ. ಹಾಜರಿ ಪುಸ್ತಕದಲ್ಲಿದ್ದ ಮೈದುನನ ಹೆಸರನ್ನು ಬ್ಲೇಡಿನಿಂದ ಕೆರೆದ ರಭಸಕ್ಕೆ ಕಾಗದವೇ ತೂತಾಗಿತ್ತು.

"ಸತ್ತೋರ ಹೆಸರೂ ಬರೀತೀರಾ?"

"ಇಲ್ಲಮ್ಮ. ಜನ ನಗೋ ಅಂಥದ್ದು ಮಾತ್ರ."

ಗುತ್ತಿಗೆದಾರ ನಡುವೆ ನುಗ್ಗಿದ. "ರೀ, ಇವಳಿಗೆಲ್ಲಿಂದ ಬಂತ್ರೀ ಹಕ್ಕು? ಮೂತಿ ಅವನದಿರಬಹುದು. ಗುಂಡಿ ನಂದು! ಗುಂಡಿ ಇಲ್ದೆ ಆ ಮೂತಿ ಎಲ್ಲಿಂದ ಏಳ್ತಿತ್ತು?"

ಕಂಪನಿಯವನು ಗಂಭೀರವಾಗಿ ತಲೆದೂಗಿದ. ಟ್ಯಾಬಿನಲ್ಲಿ 'ಸ್ಥಳದ ಮಾಲೀಕ' ಎಂಬ ಖಾನೆ ನಿಜಕ್ಕೂ ಇತ್ತು. "ಹಾಗಾದ್ರೆ ನಿಮಗೂ ಪಾಲಿದೆ ಸರ್. ಗುಂಡಿ ಯಾವಾಗಿಂದ ನಿಮ್ಮದು?"

ಗುತ್ತಿಗೆದಾರ ಬಾಯಿ ತೆರೆಯುವ ಮೊದಲೇ ಹಗ್ಗದಕ್ಕ ತಲೆ ತಗ್ಗಿಸಿ ಅಂದಳು: "ಮೂರು ವರ್ಷದಿಂದ ಧಣಿಗಳದ್ದೇ ಸಾರ್. ನನ್ನ ಪಾಲನ್ನೂ ಅವರ ಹೆಸರಿಗೇ ಬರ್ಕೊಳ್ಳಿ."

ಗುಂಡಿಯಿಂದ ಗಂಡ ಕೂಗಿದ: "ತಲೆಗಿಲೆ ಕೆಟ್ಟಿದೆಯೇನೇ ನಿಂಗೆ?"

"ನೀನು ಸುಮ್ನೆ ಉಸಿರಾಡು."

ಗುತ್ತಿಗೆದಾರನ ಮುಖ ಊರಗಲವಾಯಿತು. "ಹೂಂ, ಮೂರು ವರ್ಷ! ಅದರೊಳಗೆ ಏನೇನಾಗಿದ್ಯೋ ಎಲ್ಲಾ ನಂದೇ ಅಂತ ಹಾಕ್ರೀ. ನಾಳೆ ಇನ್ನೊಂದು ಮೂತಿ ಎದ್ದುಬಂದ್ರೆ ಅದರ ಪಾಲೂ ನಂಗೇ ಬರ್ಲಿ!" ಎನ್ನುತ್ತ ಹೆಬ್ಬೆರಳೊತ್ತಿದ. ಟ್ಯಾಬು ಟಿಣ್ ಎಂದಿತು.

ಹಗ್ಗದಕ್ಕ ಗಂಡನನ್ನು ಮೇಲೆಳೆದು ಕೂರಿಸಿದಳು. ಖಾಲಿ ಗುಂಡಿಯ ಮೇಲೆ ಬಗ್ಗಿ ಫೋಟೋ ತೆಗೆದಳು. ಒಂದೊಂದೇ ಅಕ್ಷರ ಒತ್ತಿ ಮೈದುನನ ಹೆಸರು ಬರೆದಳು. ಅದರ ಕೆಳಗೆ: 'ಹೋದ ವರ್ಷ ಇಳಿದವನು. ಇವನಿಗಿನ್ನೂ ಸೋಮವಾರ ಬಂದಿಲ್ಲ.'

"ಇದೂ ನಾನೇ ಮಾಡಿದ್ದು. ಸೇರಿಸಿ."

ಕಂಪನಿಯವನು ಓದಿ ಫಕ್ಕನೆ ನಕ್ಕ. "ಸಖತ್ತಾಗಿದೆ ಕಣಮ್ಮಾ!" ಅದೇ ಗುಂಡಿ, ಅದೇ ಮಾಲೀಕ ಎಂದು ಖಾನೆಗಳನ್ನು ಟ್ಯಾಬು ತಾನೇ ತುಂಬಿಕೊಂಡಿತು. ಟಿಣ್.

ಗುತ್ತಿಗೆದಾರ ಇಣುಕಿ ನೋಡಿದ. ಮೈದುನನ ಹೆಸರು. ಅದರಡಿಯಲ್ಲಿ, ಮೂರು ವರ್ಷದ ಮಾಲೀಕನೆಂದು, ತನ್ನ ಹೆಸರು.

"ಅಳಿಸೋ! ಲೇ, ಅಳಿಸೋ ಅದನ್ನ!"

"ಆಗಲ್ಲ ಸರ್," ಕಂಪನಿಯವನು ಹೆಮ್ಮೆಯಿಂದ ಅಂದ. "ಅದೇ ನಮ್ಮ ವಿಶೇಷ."

ಗುತ್ತಿಗೆದಾರನ ಕಣ್ಣುಗುಡ್ಡೆ ಮೇಲೇರಿತು. ಬಾಯಿ ಕಿವಿಯವರೆಗೆ ಹರಿಯಿತು.

ಹಗ್ಗದಕ್ಕ ಫೋನೆತ್ತಿದಳು. "ಧಣೀ, ಹಂಗೇ ಇರಿ."