ಓರಗಿತ್ತಿಯೋ, ನಾದಿನಿಯೋ

ಪರದೆಯ ಮೇಲಿನ ಛತ್ರದ ಅಜ್ಜಿ ಒಂದು ಕೈಯಲ್ಲಿ ದೀಪ ಹಿಡಿದುಕೊಂಡು, ಹೊರಟು ನಿಂತ ಯೋಧನಿಗೆ ಹೇಳಿದಳು: "ಬಾಗಿಲು ಎಳ್ಕೊಂಡು ಹೋಗಪ್ಪ, ನೊಣ ಒಳಗೆ ಬರುತ್ವೆ."

ಅಕ್ಕನ ಕೈ ಮೌಸಿನ ಮೇಲೆಯೇ ನಿಂತುಬಿಟ್ಟಿತು. ಪಕ್ಕದ ಮೇಜಿನಲ್ಲಿ ಯಾರ್ಯಾರದೋ ಮೂರು ದವಡೆಯ ಅಚ್ಚುಗಳು ಒಣಗುತ್ತಿದ್ದವು. ಊಟದ ಬಿಡುವು ಮುಗಿಯುತ್ತ ಬಂದಿತ್ತು. ಡಬ್ಬಿಯಲ್ಲಿ ಅರ್ಧ ಊಟ ಹಾಗೇ ಇತ್ತು. ಕಟ್ಟುಹಲ್ಲು ಮಾಡುವ ಆ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷ ಕೂತು, ಕಂಡವರ ಬಾಯಿಯ ಅಚ್ಚು ತೊಳೆದು, ಎಂಜಲಿನ ಬಗ್ಗೆ ಅವಳಿಗೆ ಯಾವ ಹೇಸಿಗೆಯೂ ಉಳಿದಿರಲಿಲ್ಲ. ಆದರೆ ಈಗ, ಅಜ್ಜಿಯ ಆ ಒಂದು ಸಾಲಿಗೆ, ತಿಂದ ತುತ್ತು ಗಂಟಲಿಗೆ ಬಂದಂತಾಯಿತು.

ಆ ಮಾತು ಆಟದ ಮೂಲದಲ್ಲಿ ಇರಲೇ ಇಲ್ಲ. ಮೂಲದ ಅಜ್ಜಿ ಹೇಳುವುದು "ಹೋಗಿ ಬಾ, ಪಯಣಿಗ" ಎಂದಷ್ಟೇ. ನೊಣದ ಮಾತು ಅಕ್ಕನ ಅಮ್ಮನದು. ಬಂದ ನೆಂಟರಿಗೂ, ಹಾಲಿನವನಿಗೂ, ಕೊನೆಗಾಲದಲ್ಲಿ ನೋಡಲು ಬಂದ ಡಾಕ್ಟರಿಗೂ ಅಮ್ಮ ಅದನ್ನೇ ಹೇಳುತ್ತಿದ್ದಳು. ಅನುವಾದ ಮಾಡುವಾಗ ಅಕ್ಕ ತಮಾಷೆಗೆಂದು ಅದನ್ನು ಅಜ್ಜಿಯ ಬಾಯಿಗೆ ಹಾಕಿದ್ದಳು. ತೋರಿಸಿದಾಗ ಅಮ್ಮ, "ಸದ್ಯ, ಇವಳಾದ್ರೂ ನನ್ನ ಮಾತು ಕೇಳಿದ್ಲಲ್ಲ" ಎಂದು ನಕ್ಕಿದ್ದಳು.

'ಉಪ್ಪಿನ ಸಿಂಹಾಸನ' ಇಪ್ಪತ್ತೈದು ವರ್ಷ ಹಿಂದಿನ ವಿಡಿಯೋ ಗೇಮು. ಆಡುವವರು ತಾವೇ ಒಂದು ಪಾತ್ರವಾಗಿ ಒಂದು ರಾಜ್ಯದಲ್ಲೆಲ್ಲ ತಿರುಗಾಡಬೇಕು, ಸಿಕ್ಕವರ ಜೊತೆ ಮಾತಾಡಬೇಕು, ಕೊಟ್ಟ ಮಾತು ಉಳಿಸಬೇಕು ಇಲ್ಲವೇ ಮುರಿಯಬೇಕು. ಒಬ್ಬೊಬ್ಬರಿಗೆ ಒಂದೊಂದು ಕಥೆ ಸಿಗುತ್ತಿತ್ತು. ಮಾಡಿದ ಕಂಪನಿ ಮುಚ್ಚಿಹೋಯಿತು. ಹಕ್ಕು ಕೈಯಿಂದ ಕೈಗೆ ಹೋಗಿ, ಯಾರಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲದಂತಾಯಿತು. ಆಗ ನಾಲ್ಕು ಜನ ಸೇರಿ ನಾಲ್ಕು ವರ್ಷ ಕೂತು, ಇಡೀ ಆಟದ ಮಾತನ್ನೆಲ್ಲ ತಮ್ಮ ಭಾಷೆಗೆ ತಂದು, ಬೇಕಾದವರು ತೆಗೆದುಕೊಳ್ಳಲಿ ಎಂದು ತಮ್ಮ ಸೈಟಿನಲ್ಲಿ ಇಟ್ಟರು. ಎಲ್ಲರೂ ಅಕ್ಕ ಎಂದೇ ಕರೆಯುವ ಇವಳು ಒಬ್ಬಳು. ಬಸ್ಸು ಓಡಿಸುವ ಡ್ರೈವರ್ ಇನ್ನೊಬ್ಬ. ವಿಮಾ ಕಚೇರಿಯ ಗುಮಾಸ್ತ ಮತ್ತೊಬ್ಬ. ಎಲ್ಲದಕ್ಕೂ ವಾದ ಹೂಡುವುದರಿಂದ ಅವನಿಗೆ ವಕೀಲ ಎಂದೇ ಹೆಸರು. ನಾಲ್ಕನೆಯವರು ನಿವೃತ್ತ ಭಾಷಾ ಮೇಷ್ಟ್ರು. ಅವರು ಆಟ ಆಡಿದವರಲ್ಲ. ಉಳಿದವರು ಬರೆದದ್ದನ್ನು ಕಾಗದದ ಮೇಲೆ ಅಚ್ಚು ಹಾಕಿಸಿಕೊಂಡು, ಕೆಂಪು ಶಾಯಿಯಲ್ಲಿ ತಿದ್ದಿದವರು.

ಈಗ ಹಕ್ಕು ಕೊಂಡ ಹೊಸ ಕಂಪನಿಯೊಂದು ಆಟವನ್ನು ಮತ್ತೆ ಬಿಡುಗಡೆ ಮಾಡಿತ್ತು. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ, 'ಮೊಟ್ಟಮೊದಲ ಬಾರಿಗೆ ನಿಮ್ಮ ಭಾಷೆಯಲ್ಲಿ!' ಬಿಡುಗಡೆಯ ದಿನವೇ ಅಕ್ಕನಿಗೆ ಒಂದು ನೋಟಿಸೂ ಬಂದಿತ್ತು: ಪರವಾನಗಿಯಿಲ್ಲದ ಹಳೆಯ ಅನುವಾದವನ್ನು ಸೋಮವಾರದೊಳಗೆ ಸೈಟಿನಿಂದ ತೆಗೆಯತಕ್ಕದ್ದು.

ಅಕ್ಕ ಅಜ್ಜಿಯ ಸಾಲಿನ ಚಿತ್ರ ತೆಗೆದು ಅಭಿಮಾನಿಗಳ ಗುಂಪಿನಲ್ಲಿ ಹಾಕಿದಳು. ಕೆಳಗೆ ಬರೆದದ್ದು ಇಷ್ಟೇ: "ಇದು ನಮ್ಮ ಕೆಲಸ. ನಮ್ಮನ್ನು ಯಾರೂ ಕೇಳಲಿಲ್ಲ."

ಸಂಜೆಯೊಳಗೆ ಮುನ್ನೂರು ಉತ್ತರ. "ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರ್ಕೊಂಡಿದೆ" ಎಂದು ಒಬ್ಬ. "ಹುತ್ತ ಕಟ್ಟಿದ್ದು ಯಾರ ಜಾಗದಲ್ಲಿ ಸ್ವಾಮಿ? ಲೈಸೆನ್ಸು ಇತ್ತಾ ನಿಮ್ಮ ಹತ್ರ?" ಎಂದು ಇನ್ನೊಬ್ಬ. ಅಕ್ಷರ ಚೆನ್ನಾಗಿಲ್ಲ ಎಂದು ಕೆಲವರು, ಕುದುರೆಯ ಬಣ್ಣ ಬದಲಾಗಿದೆ ಎಂದು ಹಲವರು. ಕುದುರೆಯ ಬಣ್ಣದ ಮೇಲೆಯೇ ಎರಡು ಪಂಗಡವಾಗಿ ನೂರು ಉತ್ತರ ಹೋಯಿತು. ಹಿಂದೊಮ್ಮೆ "ನೀವು ಮಾಡಿದ್ದರಿಂದ ನನ್ನ ತಂಗಿಯೂ ಆಡಿದಳು, ನಿಮ್ಮ ಕಾಲಿಗೆ ಬೀಳಬೇಕು" ಎಂದು ಬರೆದಿದ್ದವನೇ ಈಗ ಬರೆದ: "ಪುಕ್ಕಟೆ ಮಾಡಿದವರಿಗೆ ಇಷ್ಟೊಂದು ಗತ್ತು ಬೇಡ. ಕಂಪನಿ ಮನಸ್ಸು ಕೆಡಿಸಿಕೊಂಡು ಎರಡನೇ ಭಾಗ ತರದಿದ್ದರೆ ನೀವು ಜವಾಬ್ದಾರಿನಾ?" ಅದಕ್ಕೆ ನಲವತ್ತು ಜನ ಮೆಚ್ಚುಗೆ ಒತ್ತಿದ್ದರು. ಅಕ್ಕ ಆ ನಲವತ್ತು ಹೆಸರನ್ನೂ ಓದಿದಳು. ಮುಕ್ಕಾಲು ಪಾಲು ಪರಿಚಯದವರೇ.

ಭಾನುವಾರ ಮಧ್ಯಾಹ್ನ, ಲ್ಯಾಬಿಗೆ ರಜೆ ಇದ್ದಾಗ, ಡ್ರೈವರ್ ಮತ್ತು ವಕೀಲ ಅಲ್ಲಿಗೇ ಬಂದರು. ಮೇಷ್ಟ್ರಿಗೆ ಶೀತ ಎಂದು ಅವರ ಸೊಸೆ ಫೋನು ಮಾಡಿದ್ದಳು. ಮೂವರೂ ಹಲ್ಲಿನ ಪೆಟ್ಟಿಗೆಗಳನ್ನು ಸರಿಸಿ ಮೇಜಿನ ಸುತ್ತ ಕೂತರು.

"ಕೋರ್ಟಿಗೆ ಹಾಕೋಣ" ಎಂದ ಡ್ರೈವರ್. "ಕಂಡವರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡೋ ಜನ ಇವರು."

"ಯಾವ ಮುಖ ಇಟ್ಕೊಂಡು ಹಾಕ್ತೀಯಾ?" ಎಂದ ವಕೀಲ. "ಅನುವಾದ ಮಾಡೋಕೆ ನಾವು ಯಾರನ್ನ ಕೇಳಿದ್ವಿ? ಅವರು ನಮ್ಮನ್ನ ಕೇಳ್ಲಿಲ್ಲ, ನಾವು ಅವರನ್ನ ಕೇಳ್ಲಿಲ್ಲ. ಲೆಕ್ಕ ಸರಿಹೋಯ್ತು."

"ನಾವು ಮಾರ್ಲಿಲ್ಲ ಕಣೋ."

"ಮಾರದೇ ಇದ್ರೆ ನಮ್ದಾಗುತ್ತಾ? ಅಕ್ಕ, ಬೇಜಾರು ಮಾಡ್ಕೋಬೇಡಿ, ಕಾನೂನು ಇರೋದೇ ಹಾಗೆ."

ಅಕ್ಕನಿಗೆ ಕಾನೂನು ಗೊತ್ತಿತ್ತು. ಗೊತ್ತಿದ್ದರಿಂದಲೇ ಅವನ ಶಾಂತ ದನಿ ಕೇಳಿ ಮೈ ಉರಿಯಿತು. ಅಷ್ಟರಲ್ಲಿ ಡ್ರೈವರ್ ತನ್ನ ಚೀಲದಿಂದ ಲ್ಯಾಪ್‌ಟಾಪ್ ತೆಗೆದು, "ಇದನ್ನ ನೋಡಿ ಮೊದ್ಲು" ಎಂದ. ಕಂಪನಿಯ ಹೊಸ ಆಟದಲ್ಲಿ ಪಟ್ಟದರಾಣಿ ಕಪ್ಪು ಸೀರೆಯ ವಿಧವೆಯ ಮುಂದೆ ನಿಂತು ಹೇಳುತ್ತಿದ್ದಳು: "ನಾದಿನಿ, ನಿನ್ನ ಕಣ್ಣೀರಿಗೆ ನಾನೇ ಕಾರಣ."

ಮೂಲದ ಭಾಷೆಯಲ್ಲಿ ಅತ್ತಿಗೆಗೂ ನಾದಿನಿಗೂ ಓರಗಿತ್ತಿಗೂ ಇದ್ದದ್ದು ಒಂದೇ ಪದ. ಆ ವಿಧವೆ ರಾಜನ ತಂಗಿ ಎಂದುಕೊಂಡು ಮೊದಲು ಎಲ್ಲ ಕಡೆ ನಾದಿನಿ ಎಂದೇ ಬರೆದಿದ್ದರು. ಮೂರು ವರ್ಷ ಕಳೆದ ಮೇಲೆ, ಒಂಬತ್ತನೆಯ ಅಧ್ಯಾಯದ ಒಂದು ಹಳೆಯ ಪತ್ರದಲ್ಲಿ ಅವಳು ರಾಜನ ತಮ್ಮನ ಹೆಂಡತಿ ಎಂದು ಡ್ರೈವರನೇ ಕಂಡುಹಿಡಿದ. ರಾಣಿಗೆ ಅವಳು ಓರಗಿತ್ತಿ. ಇನ್ನೂರು ಕಡೆ ತಿದ್ದಿ ಆಮೇಲೆಯೇ ಹೊರಗೆ ಬಿಟ್ಟಿದ್ದರು. ನಾದಿನಿ ಇದ್ದ ಕರಡನ್ನು ಈ ನಾಲ್ವರ ಹೊರತು ಯಾರೂ ಕಂಡಿರಲಿಲ್ಲ.

"ಸೈಟಿಂದ ಕದ್ದಿದ್ದಲ್ಲ ಇದು" ಎಂದ ಡ್ರೈವರ್. "ಒಳಗಿನೋರೇ ಕೊಟ್ಟಿದಾರೆ."

ಅಕ್ಕ ವಕೀಲನ ಕಡೆ ತಿರುಗಿದಳು. "ಅದಕ್ಕೇ ಇಷ್ಟು ಕಾನೂನು ಮಾತಾಡ್ತಿದೀಯಾ? ಏನು ಕೊಟ್ರು ನಿಂಗೆ? ಹೇಸಿಗೆ ಆಗುತ್ತೆ ನಿನ್ನ ನೋಡಿದ್ರೆ."

ಅಷ್ಟು ಕಠಿಣವಾಗಿ ಮಾತಾಡುತ್ತೇನೆಂದು ಅವಳಿಗೇ ಗೊತ್ತಿರಲಿಲ್ಲ. ವಾದಕ್ಕೆ ಹುಟ್ಟಿದವನಂತಿದ್ದ ವಕೀಲ ವಾದ ಮಾಡಲಿಲ್ಲ. ಎದ್ದು, ಕುರ್ಚಿಯನ್ನು ಅದರ ಜಾಗಕ್ಕೆ ತಳ್ಳಿದ.

"ಹಳೇ ಕರಡು ನನ್ನ ಹತ್ರ ಇಲ್ಲ ಅಕ್ಕ. ನಿಮ್ಮ ಹತ್ರಾನೂ ಇಲ್ಲ, ಇವನ ಹತ್ರಾನೂ ಇಲ್ಲ. ತಿದ್ದಿದ ಮೇಲೆ ಅಳಿಸಿಹಾಕಿ ಅಂತ ಹೇಳಿದ್ದೇ ನೀವು. ಕಾಗದದಲ್ಲಿ ಇಟ್ಕೊಂಡಿರೋರು ಒಬ್ರೇ." ಹೆಸರು ಹೇಳದೆ ಹೊರಟುಹೋದ. ಅವನ ಟೀ ಲೋಟ ತುಂಬಿದಂತೆಯೇ ಇತ್ತು.

ಮಾರನೆಯ ಬೆಳಿಗ್ಗೆ ಅಕ್ಕ ಅವನಿಗೆ "ತಪ್ಪಾಯ್ತು ಕಣೋ" ಎಂದು ಬರೆದಳು. "ಸರಿ" ಎಂದು ಉತ್ತರ ಬಂತು, ಮತ್ತೇನೂ ಇಲ್ಲ. ಆ ದಿನವೇ ನೋಟಿಸಿನ ಗಡುವು. ಅವಳು ಸೈಟು ತೆರೆದು ಅನುವಾದವನ್ನು ಅಳಿಸಿದಳು. ನಾಲ್ಕು ವರ್ಷದ ಕೆಲಸ ಹೋಗಲು ಒಂದು ಉಸಿರಿನಷ್ಟೂ ಹೊತ್ತು ಬೇಕಾಗಲಿಲ್ಲ. "ಖಚಿತವೇ?" ಎಂದು ಯಂತ್ರ ಒಮ್ಮೆ ಕೇಳಿತ್ತು. ಈ ವಾರದಲ್ಲಿ ಅವಳನ್ನು ಏನನ್ನಾದರೂ ಕೇಳಿದ್ದು ಅದೊಂದೇ.

ಮಂಗಳವಾರ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಮೇಷ್ಟ್ರ ಮನೆಗೆ ಹೋದಳು. ಬಾಗಿಲು ತೆರೆದ ಸೊಸೆ, "ಬನ್ನಿ ಅಕ್ಕ. ಮಾವ ನಿಮ್ಮನ್ನೇ ನೆನೀತಿದ್ರು" ಎಂದಳು. ಮೇಷ್ಟ್ರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಬಿಸ್ಕತ್ತು ಟೀಗೆ ಅದ್ದಿ ತಿನ್ನುತ್ತಿದ್ದರು. ಅಂಗಿಯ ಮೇಲೆಲ್ಲ ಪುಡಿ. ಅವಳನ್ನು ಕಂಡು ಮುಖ ಅರಳಿತು.

"ಬಾಮ್ಮಾ. ಆಟ ಹೇಗೆ ಬಂದಿದೆ? ಚೆನ್ನಾಗಿ ಮಾಡಿದಾರಾ?"

ಮುಚ್ಚಿಡುತ್ತಾರೆ, ತಡವರಿಸುತ್ತಾರೆ, ಆಗ ಹೀಗೆ ಕೇಳಬೇಕು ಎಂದೆಲ್ಲ ಅಕ್ಕ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು. ಯಾವುದೂ ಬೇಕಾಗಲಿಲ್ಲ.

"ನೀವೇ ಕೊಟ್ರಾ ಮೇಷ್ಟ್ರೇ?"

"ಹೂಂ, ನಾನೇ. ಹೇಳ್ಬೇಕು ಅಂತಾನೇ ಇದ್ದೆ. ಕಂಪನಿಯಿಂದ ಒಬ್ಬ ಹುಡುಗಿ ಬಂದಿದ್ಲು. ಎರಡು ಗಂಟೆ ಕೂತಿದ್ಲಮ್ಮ ಇಲ್ಲಿ, ಇದೇ ಜಾಗದಲ್ಲಿ. ನಾನು ಹೇಳಿದ್ದನ್ನೆಲ್ಲ ಬರ್ಕೊಂಡ್ಲು. ನನ್ನ ಮಗ ಈ ಕೋಣೇಲಿ ಎರಡು ನಿಮಿಷ ಕೂರಲ್ಲ."

"ಹಳೇ ಕರಡು ಕೊಟ್ಟಿದೀರಿ. ನಾದಿನಿ ಅಂತಾನೇ ಇದೆ."

"ಇದೆಯಾ?" ಅವರ ಮುಖದಲ್ಲಿ ಮೊದಲ ಸಲ ನೋವು ಕಾಣಿಸಿತು. "ಛೆ, ಛೆ. ಹಾಗಾಗಬಾರದಿತ್ತು. ಓರಗಿತ್ತಿ ಅಂತಿರಬೇಕು. ಎಂಥಾ ತಪ್ಪು!"

ಆ ಒಂದು ಪದಕ್ಕಾಗಿ ಅವರು ತಲೆಯ ಮೇಲೆ ಕೈ ಹೊತ್ತರು. ಅಕ್ಕ ಮುಂದಿನದನ್ನು ಕೇಳಿದಳು: "ಕಾಗದಕ್ಕೆ ಸಹಿ ಹಾಕಿದ್ರಾ?"

"ಹಾಕಿದೆ. ಅನುವಾದದ ಕರ್ತೃ ನಾನು ಅಂತ."

"ನೀವೊಬ್ರೇನಾ?"

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. "ಸಹಿ ಹಾಕೋಕೆ ಒಂದೇ ಗೆರೆ ಇತ್ತಮ್ಮ."

"ಇನ್ನೊಂದು ಗೆರೆ ಎಳೀಬಹುದಿತ್ತಲ್ಲ. ಮಕ್ಕಳ ಪುಸ್ತಕದಲ್ಲಿ ಮೂವತ್ತೈದು ವರ್ಷ ಗೆರೆ ಎಳೆದೋರು ನೀವು."

ಅಡುಗೆಮನೆಯಲ್ಲಿ ನಲ್ಲಿ ಬಿಟ್ಟ ಸದ್ದು ಕೇಳಿ ನಿಂತಿತು. ಆಮೇಲೆ ಅವರೇ, ಅವಳನ್ನು ಸಮಾಧಾನಪಡಿಸುವವರಂತೆ, "ನೊಣದ ಸಾಲು ಆ ಹುಡುಗಿಗೆ ತುಂಬ ಹಿಡಿಸ್ತು. ಬಿದ್ದು ಬಿದ್ದು ನಕ್ಕಳು" ಎಂದರು.

"ಅದು ನಮ್ಮಮ್ಮನ ಮಾತು ಅಂತ ಹೇಳಿದ್ರಾ?"

ಮೇಷ್ಟ್ರು ಕಿಟಕಿಯ ಕಡೆ ನೋಡಿದರು. "ಎಲ್ಲಿಂದ ಬಂತು ಇದು ಅಂತ ಕೇಳಿದ್ಲು. ಮಾತಿನ ಭರದಲ್ಲಿ... ನಮ್ಮ ತಾಯಿ ಹೇಳ್ತಿದ್ರು ಅಂದ್ಬಿಟ್ಟೆ."

ಅಕ್ಕ ಎದ್ದು ನಿಂತಳು. ಬೇಲಿಯೇ ಹೊಲ ಮೇಯ್ದರೆ ಹೋಗಲಿ ಎನ್ನಬಹುದು, ಇವರು ತಾಯಿಯನ್ನೂ ಬಿಡಲಿಲ್ಲವಲ್ಲ. ಆ ಕೋಣೆಯ ಶೀತದ ಮುಲಾಮಿನ ವಾಸನೆ, ಲೋಟದ ತಳದಲ್ಲಿ ಕರಗಿ ಕೂತ ಬಿಸ್ಕತ್ತು, ಅವರ ತುಟಿಯ ಮೂಲೆಯ ಒದ್ದೆ, ಎಲ್ಲವೂ ಒಟ್ಟಿಗೆ ಮೇಲೆ ಬಂದಂತಾಗಿ ಅವಳು ಹೊರಡಲು ಚೀಲ ಎತ್ತಿಕೊಂಡಳು.

"ಲ್ಯಾಪ್‌ಟಾಪ್ ತಂದಿದೀಯೇನಮ್ಮ?" ಮೇಷ್ಟ್ರು ಕುರ್ಚಿಯ ಅಂಚಿಗೆ ಸರಿದರು. "ಆಟದ ಕೊನೇಲಿ ನನ್ನ ಹೆಸರು ಬರುತ್ತೆ ಅಂದಿದ್ಲು ಆ ಹುಡುಗಿ. ಇಲ್ಲಿ ಯಾರಿಗೂ ಅದನ್ನ ಹಾಕೋಕೆ ಬರಲ್ಲ. ಒಂದ್ಸಲ ತೋರಿಸಿ ಹೋಗು. ಆಮೇಲೆ ಬೇಕಾದ್ರೆ ನನ್ನ ಮುಖ ನೋಡ್ಬೇಡ."

ತೋರಿಸಿ ಹೋಗುವುದೇ ಸರಿ ಎನಿಸಿತು ಅಕ್ಕನಿಗೆ. ಕದ್ದ ಮಾಲಿನ ಮೇಲೆ ಇವರ ಹೆಸರನ್ನು ಇವರ ಎದುರಿಗೇ ಓದಿ, ಎರಡು ಮಾತು ಅಂದು ಹೊರಡುವುದು. ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಅವರ ಮುಂದಿನ ಸ್ಟೂಲಿನ ಮೇಲೆ ಇಟ್ಟು, ಆಟದ ಮೊದಲ ಪುಟದಲ್ಲಿದ್ದ 'ದುಡಿದವರು' ಎಂಬುದನ್ನು ಒತ್ತಿದಳು. ಸಂಗೀತ ಶುರುವಾಯಿತು. ಹೆಸರುಗಳು ಮೇಲೇರತೊಡಗಿದವು: ಚಿತ್ರ ಬಿಡಿಸಿದವರು, ಸದ್ದು ಜೋಡಿಸಿದವರು, ಪರವಾನಗಿ ವಿಭಾಗದ ಹನ್ನೊಂದು ಮಂದಿ, ಕಾರು ಓಡಿಸಿದವರು, ಕಚೇರಿಯಲ್ಲಿ ಸಾಕಿದ ಎರಡು ಬೆಕ್ಕುಗಳು. ನಡುವೆ ಎಲ್ಲೋ ಒಂದೇ ಸಾಲು, 'ಅನುವಾದ: ಭಾಷಾ ವಿಭಾಗ.' ಆಮೇಲೆ ಪರದೆ ಕಪ್ಪಾಯಿತು.

ಮೇಷ್ಟ್ರು ಭೂತಗನ್ನಡಿ ಹಿಡಿದು, ಇನ್ನೂ ಪರದೆಯನ್ನೇ ನೋಡುತ್ತಿದ್ದರು.

"ಬೇಗ ಹೋಯ್ತಲ್ಲಮ್ಮ. ಕಣ್ಣಿಗೆ ಸಿಗಲಿಲ್ಲ. ಇನ್ನೊಂದ್ಸಲ ಹಾಕು."

ಹೇಳಬೇಕಾದ ಮಾತು ಅಕ್ಕನ ನಾಲಿಗೆಯ ತುದಿಯಲ್ಲೇ ಇತ್ತು. ಅವಳು ಮತ್ತೆ ಒತ್ತಿದಳು. ಈ ಸಲ ಮೇಷ್ಟ್ರು ಪರದೆಗೆ ಮೂಗು ತಾಗುವಷ್ಟು ಬಾಗಿ, ಹಾಜರಿ ಕರೆಯುವವರಂತೆ ಒಂದೊಂದೇ ಹೆಸರನ್ನು ಬಾಯೊಳಗೆ ಓದಿಕೊಂಡರು. ಬೆಕ್ಕುಗಳ ಹೆಸರನ್ನೂ ಓದಿದರು. ಬಿಸ್ಕತ್ತಿನ ಜಿಡ್ಡಿನ ಬೆರಳು ಗಾಜಿನ ಮೇಲೆ ಉದ್ದಕ್ಕೆ ಗುರುತು ಬಿಟ್ಟಿತು. ಅಡುಗೆಮನೆಯ ಬಾಗಿಲಲ್ಲಿ ಸೊಸೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಅವಳು ಅಕ್ಕನನ್ನು ನೋಡಿದಳು, ಅಕ್ಕ ಕೀಲಿಮಣೆಯನ್ನು ನೋಡಿದಳು.

"ಅನುವಾದ ಅಂತ ಬಂತಲ್ಲ, ಅಲ್ಲೇ ಎಲ್ಲೋ ಇರ್ಬೇಕು" ಎಂದರು ಮೇಷ್ಟ್ರು. "ಒಂದ್ಸಲ, ಇನ್ನೊಂದೇ ಸಲ."

ಅಕ್ಕ ಸೀರೆಯ ಸೆರಗಿನಿಂದ ಪರದೆಯ ಜಿಡ್ಡನ್ನು ಒರೆಸಿ, ಒತ್ತಿದಳು. ಕಪ್ಪು ತಳದಿಂದ ಬಿಳಿಯ ಅಕ್ಷರಗಳು ಮೇಲೇಳತೊಡಗಿದವು. ಮೇಷ್ಟ್ರು ಬೆರಳನ್ನು ಗಾಜಿನ ಹತ್ತಿರ ಹಿಡಿದು ಕಾಯುತ್ತಿದ್ದರು.